ಮೊದಲ ಹೆಸರಿನ ವೈರಿ

ಇಂಡಿ ಪಟ್ಟಣದ ಮಾರುಕಟ್ಟೆಯಲ್ಲಿ ನಿಂಬೆಹಣ್ಣು ಆರಿಸುವ ಮುರ್ತುಜಾಸಾಬನಿಗೆ ಜೀವಮಾನಕ್ಕೆ ಒಬ್ಬನೇ ವೈರಿ. ಆ ವೈರಿಯನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

ರೇಡಿಯೋದಲ್ಲಿ ಕೋರಿಕೆಯ ಹಾಡು ಬರುತ್ತಿದ್ದ ಕಾಲದಲ್ಲಿ ಇವನು ವಾರಕ್ಕೊಂದು ಕಾರ್ಡು ಬರೆದು ಅದೇ ಅಂಬಿಗನ ಹಾಡನ್ನು ಕೇಳುತ್ತಿದ್ದ. ಹಾಡಿಗೆ ಮೊದಲು ನಿಲಯದವರು ಹೆಸರು ಓದುವರು: "ಮುದ್ದೇಬಿಹಾಳದಿಂದ ಹೃಷೀಕೇಶ, ಇಂಡಿಯಿಂದ ಮುರ್ತುಜಾಸಾಬ." ಹದಿನಾರು ವರ್ಷ ಅದೇ ಕ್ರಮ. ಮುರ್ತುಜಾಸಾಬ ಕೆಂಪು ಶಾಯಿಯಲ್ಲಿ ಬರೆದು ನೋಡಿದ, ಎರಡು ದಿನ ಮೊದಲೇ ಅಂಚೆಗೆ ಹಾಕಿ ನೋಡಿದ, ಕಾರ್ಡಿನ ಸುತ್ತ ಹೂಬಳ್ಳಿ ಬಿಡಿಸಿ ದಂಡಯಾತ್ರೆಗೆ ಕಳಿಸಿದ. ಮುದ್ದೇಬಿಹಾಳದ ಕೋಟೆ ಅಲುಗಲಿಲ್ಲ.

ಆಮೇಲೆ ಕಾರ್ಯಕ್ರಮವೇ ನಿಂತುಹೋಯಿತು. ಈಗ ಆ ಹಾಡು ಬೇಕೆಂದಾಗ ಫೋನಿನಲ್ಲಿ ಸಿಗುತ್ತದೆ, ಆದರೆ ಅದಕ್ಕೆ ಮೊದಲು ಯಾರ ಹೆಸರೂ ಬರುವುದಿಲ್ಲ. ಹಾಡು ಶುರುವಾಗುವ ಮುಂಚಿನ ಆ ಖಾಲಿಯಲ್ಲಿ ಅವನ ಕಿವಿ ಇನ್ನೂ ಮುದ್ದೇಬಿಹಾಳಕ್ಕೆ ಕಾಯುತ್ತಿತ್ತು.

"ಸವತಿನ್ನೂ ಯಾರೂ ಇಷ್ಟ ನೆನಸಂಗಿಲ್ಲ" ಎಂದು ಹೆಂಡತಿ ಮಾಬುಬಿ ಚಹಾದ ಜೊತೆ ಕುಟುಕುತ್ತಿದ್ದಳು.

ಹೋದ ವರ್ಷ ಸಿಂದಗಿಯ ನಿವೃತ್ತ ಶಿಕ್ಷಕಿ ಸುವರ್ಣಾ ಅಕ್ಕೋರು ಹಳೆಯ ಕೇಳುಗರನ್ನೆಲ್ಲ ಕೂಡಿಸಲು ಹೊರಟರು. ಮೊದಲು ಫೋನಿನಲ್ಲಿ ಒಂದು ದೊಡ್ಡ ಗುಂಪು ಕಟ್ಟಿದ್ದರು. ಶುಭೋದಯದ ಗುಲಾಬಿ, ಪ್ಲಾಟು ಮಾರುವವರ ಜಾಹೀರಾತುಗಳ ದಾಳಿಗೆ ಅದು ಮೂರು ತಿಂಗಳಲ್ಲಿ ಉರುಳಿತ್ತು. ಈ ಸಲ ಎಲ್ಲಕ್ಕೂ ಒಬ್ಬನೇ ಯಜಮಾನ ಬೇಡವೆಂದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕು ಕಡೆ ನಾಲ್ಕು ಸಣ್ಣ ಇಂಟರ್ನೆಟ್ ಸರ್ವರ್‌ಗಳು. ಒಂದೊಂದಕ್ಕೂ ತನ್ನದೇ ಜನ, ತನ್ನದೇ ಕಟ್ಟುಪಾಡು. ಒಂದರಲ್ಲಿ ಬರೆದದ್ದು ಬೇಕಾದರೆ ಇನ್ನೊಂದಕ್ಕೂ ಮುಟ್ಟುತ್ತದೆ. ಅಕ್ಕೋರು ಅವಕ್ಕೆ ಕಟ್ಟೆ ಎಂದು ಹೆಸರಿಟ್ಟರು.

ಮುರ್ತುಜಾಸಾಬ ಮೊದಲ ದಿನವೇ ಮುದ್ದೇಬಿಹಾಳದ ಕಟ್ಟೆಯ ಹೆಸರುಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಜಾಲಾಡಿದ. ವೈರಿ ಇರಲಿಲ್ಲ.

ಸಿಂದಗಿಯಲ್ಲಿ ಸಭೆ ಸೇರಿದಾಗ, ಆಯಾ ತಾಲೂಕಿನವರು ಆಯಾ ಕಟ್ಟೆಯಲ್ಲೇ ಮಾತಾಡಿದರೆ ಗೊಂದಲವಿರದು ಎಂದರು ಅಕ್ಕೋರು. ಬಹಳ ಜನ ತಲೆಯಾಡಿಸಿದರು. ಆಗ ಮೂಲೆಯಿಂದ ಇಂಡಿಯ ವೀರ ಮುರ್ತುಜಾಸಾಬ ಎದ್ದ.

"ಅಕ್ಕೋರ, ಲಿಂಬಿಹಣ್ಣು ಯಾವ ಊರಿಂದು ಅಂತ ನೋಡಿ ನಾವು ಆರಸಂಗಿಲ್ರಿ. ಸೈಜು ನೋಡ್ತೇವಿ, ಬಣ್ಣ ನೋಡ್ತೇವಿ. ಮನಿ ಅವರವರ ಊರಾಗ ಇರ್ಲಿ, ಕೂಡೂದು ಹಾಡಿನ ಮ್ಯಾಲ ಆಗ್ಲಿ."

"ನಿಮ್ಮದು ಯಾವ ಹಾಡ್ರಿ?"

"ಅಂಬಿಗನ ಹಾಡ್ರಿ."

"ಅದಕ್ಕ ಎಷ್ಟು ಮಂದಿ ಅದಾರು?"

"ಸದ್ಯ ನಾ ಒಬ್ಬನ ಅದೇನ್ರಿ."

ಸಭೆ ಬಿದ್ದುಬಿದ್ದು ನಕ್ಕಿತು. ಅಕ್ಕೋರು ನಗಲಿಲ್ಲ. ಒಬ್ಬರಿದ್ದರೂ ಗುಂಪೇ ಎಂದು, ನಾಲ್ಕೂ ಕಟ್ಟೆಯವರಿಗೆ ಕಾಣುವಂತೆ ಅದನ್ನು ತೆರೆಯುವ ಬಗೆಯನ್ನು ಅಲ್ಲೇ ತೋರಿಸಿಕೊಟ್ಟರು.

ತನ್ನ ಹೆಸರೇ ಮೊದಲಾಗಬಲ್ಲ ರಾಜ್ಯ ಕೊನೆಗೂ ಕೈಗೆ ಬಂತು. ಮುರ್ತುಜಾಸಾಬ ಅಲ್ಲಿ ಮೊದಲ ಕೋರಿಕೆ ಬರೆದ: "ಮುದ್ದೇಬಿಹಾಳದಿಂದ ಹೃಷೀಕೇಶ, ಇಂಡಿಯಿಂದ ಮುರ್ತುಜಾಸಾಬ." ಬೆರಳು ಬೇರೆ ಕ್ರಮಕ್ಕೆ ಒಪ್ಪಲಿಲ್ಲ.

ಹನ್ನೊಂದು ದಿನ ಯಾರೂ ಓಗೊಡಲಿಲ್ಲ. ಹನ್ನೆರಡನೆಯ ದಿನ, ಹಣ್ಣಿನ ರಾಶಿಯ ಮುಂದೆ ಕೂತಿದ್ದಾಗ, ಬಾಗೇವಾಡಿಯ ಕಟ್ಟೆಯಿಂದ ಉತ್ತರ ಬಂತು.

"ಸಾಬ್ರ, ಮುದ್ದೇಬಿಹಾಳ ಬಿಟ್ಟು ಒಂಬತ್ತು ವರ್ಷ ಆತು. ಈಗ ಬಾಗೇವಾಡಿ ಕಡೆ ಮನಗೂಳ್ಯಾಗ ಅದೇನಿ. ಊರು ತಿದ್ದಕೊಳ್ರಿ. ಹೆಸರಿನ ಕ್ರಮ ಸರಿ ಐತಿ."

ಮುರ್ತುಜಾಸಾಬ ಕೈಯಲ್ಲಿದ್ದ ಹಣ್ಣನ್ನು ತಪ್ಪು ರಾಶಿಗೆ ಎಸೆದ. ಮರುಕ್ಷಣವೇ ಹಾಡನ್ನು ಕಳಿಸಿದ. ಇದಕ್ಕೆ ಉತ್ತರ ತಡವಾಗಿ ಬಂತು.

"ಹಾಡು ಬ್ಯಾಡ್ರಿ. ಕಿವಿ ಹೋಗಿ ಮೂರು ವರ್ಷ ಆತು. ಎರಡನೇ ನುಡಿ ನನಗ ಪೂರಾ ನೆನಪಾಗವಲ್ದು. ನೀವು ಮರ್ತಿಲ್ಲಂದ್ರ ಬರದು ಕಳಸ್ರಿ, ಓದ್ತೇನಿ."

ಅಂದು ಮಧ್ಯಾಹ್ನ ಹಣ್ಣು ಆರಿಸುವ ಕೆಲಸ ನಿಂತಿತು. ಮುರ್ತುಜಾಸಾಬ ಒಂದೊಂದೇ ಅಕ್ಷರ ಒತ್ತುತ್ತ ಹೋದ. ಅಂಬಿಗ ದಡ ಬಿಡುವ ಸಾಲಿಗೆ ಬಂದಾಗ, ಹಾಡುವವನು ಅಲ್ಲಿ ಉಸಿರೆಳೆದುಕೊಳ್ಳುತ್ತಿದ್ದುದು ನೆನಪಾಯಿತು. ಅಷ್ಟು ಜಾಗ ಖಾಲಿ ಬಿಟ್ಟು, ಮುಂದಿನ ಸಾಲು ಬರೆದ.