ಮಿಟುಕು ಮಾಮ
ಫೋಟೊ ಸ್ಟುಡಿಯೋದ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಮಿಟುಕು ಮಾಮನಿಗೆ ಅಲುಗಾಡದ ಚಿತ್ರ ಕಂಡರಾಗದು. ಬೇಕರಿಯವನು ಕೇಕಿನ ಚಿತ್ರ ತಂದರೆ ಮೇಲಿನ ಮೇಣದಬತ್ತಿ ಉರಿಯತೊಡಗುತ್ತದೆ, ಗಡಿಯಾರದಂಗಡಿಯ ಜಾಹೀರಾತಿನಲ್ಲಿ ಮುಳ್ಳು ತಿರುಗುತ್ತದೆ. ಬಿಟ್ಟರೆ ಗೋಡೆಗೆ ಹೊಡೆದ ಮೊಳೆಯನ್ನೂ ಕುಣಿಸಿಯಾನು. ಆದರೆ ಅವನ ನಿಜವಾದ ಕೈಚಳಕವಿರುವುದು ಕಣ್ಣಿನಲ್ಲಿ. ಕಣ್ಣು ತೆರೆದ ಚಿತ್ರದ ಮೇಲೆ ಕಣ್ಣು ಮುಚ್ಚಿದ್ದೊಂದನ್ನು ಪದರವಾಗಿಟ್ಟು, ಕ್ಷಣಮಾತ್ರ ತೋರಿಸಿ ಮರೆಮಾಡಿದರೆ ಆಯಿತು, ಮೊಬೈಲಿನೊಳಗಿನ ಮುಖ ರೆಪ್ಪೆ ಬಡಿಯುತ್ತದೆ. ತೀರಿಹೋದವರ ಫೋಟೊ ಹಿಡಿದು ಬಂದವರು, "ಕಣ್ಣು ಮುಚ್ಚಿರೋದು ಇಲ್ವಲ್ಲ ಮಾಮ" ಎಂದರೆ, "ಅದಕ್ಯಾಕೆ ಚಿಂತೆ? ಕೆನ್ನೆಯಿಂದ ಚೂರು ಬಣ್ಣ ತಗೊಂಡ್ರೆ ರೆಪ್ಪೆ ಆಯ್ತು" ಎನ್ನುತ್ತಾನೆ. ಹಾಗೆ ಊರಿಗೆಲ್ಲ ರೆಪ್ಪೆ ಮಾಡಿಕೊಟ್ಟವನ ಬಳಿ, ನಾಳೆ ತೆಗೆದರಾಯಿತು ಎನ್ನುತ್ತಲೇ ದಿನ ದೂಡಿದ್ದರಿಂದ, ತೀರಿಕೊಂಡ ಹೆಂಡತಿಯದು ಉಳಿದಿರುವುದು ಒಂದೇ ಫೋಟೊ. ಅದರಲ್ಲಿ ಆಕೆ ಫ್ಲ್ಯಾಶಿಗೆ ಬೆಚ್ಚಿ ಕಣ್ಣು ಮುಚ್ಚಿಬಿಟ್ಟಿದ್ದಾಳೆ. ಕೆನ್ನೆಯಿಂದ ರೆಪ್ಪೆ ಬಂದೀತು, ಕಣ್ಣು ಎಲ್ಲಿಂದ ಬರಬೇಕು? "ನನ್ನ ಕಣ್ಣು ಥೇಟ್ ಅಮ್ಮಂದೇ ಅಂತಾರಲ್ಲ, ನಂದೇ ಹಾಕಪ್ಪ" ಎಂದು ಒಮ್ಮೆ ಮಗಳೇ ತನ್ನ ಫೋಟೊ ತಂದುಕೊಟ್ಟಳು. ಬಣ್ಣ ಹೊಂದಿಸಿ, ಅಂಚು ತಿದ್ದಿ ಕೂರಿಸಿದ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಲಿಲ್ಲ. ಆದರೆ ಹೆಂಡತಿಯ ಮುಖದೊಳಗಿಂದ ಅವನನ್ನು ನೋಡಿದ್ದು ಮಗಳೇ. "ಬೇಡ ಮಗಳೇ, ಅವಳು ಹಾಗೇ ಇರಲಿ" ಎಂದು ಆ ಪದರವನ್ನು ಅಳಿಸಿದ. ಅಲುಗಾಡದ ಚಿತ್ರ ಕಂಡರಾಗದವನು ಈಗ ದಿನವೂ ಅಂಗಡಿ ಮುಚ್ಚುವ ಮುನ್ನ ಅದೊಂದನ್ನು ತೆರೆದು, ಎವೆಯಿಕ್ಕದೆ ನೋಡುತ್ತ ಕೂರುತ್ತಾನೆ.