ಏಳೂವರೆ ಎಚ್‌ಪಿಯ ಪ್ರೊಸೆಸರು

ಮೋಟಾರಿಗಿರುವ ಪ್ರಾಮಾಣಿಕತೆ ಪ್ರೊಸೆಸರಿಗಿಲ್ಲ. ಯಾವ ಮೋಟಾರನ್ನೇ ತಿರುಗಿಸಿ ನೋಡಿ, ಅದರ ಬೆನ್ನಿಗೆ ಅಂಗೈಯಗಲದ ತಗಡೊಂದನ್ನು ಬಡಿದಿರುತ್ತಾರೆ. ಇಷ್ಟು ಎಚ್‌ಪಿ, ಇಷ್ಟು ವೋಲ್ಟು, ನಿಮಿಷಕ್ಕೆ ಇಷ್ಟು ಸುತ್ತು ಎಂದು ಅದು ತನ್ನ ಜಾತಕವನ್ನು ತಾನೇ ಹೊತ್ತುಕೊಂಡಿರುತ್ತದೆ. ಪ್ರೊಸೆಸರೆಂಬ, ಬಿಸ್ಕತ್ತಿನಷ್ಟು ಗಾತ್ರದ ಈ ಪದಾರ್ಥದ ಮೇಲಿರುವುದು ಲಾರಿಯ ನಂಬರಿನಂಥ ಒಂದು ಅಂಕಿ, ಅದರ ಬಾಲಕ್ಕೆ ಒಂದು ಅಕ್ಷರ. ಅಂಕಿ ದೊಡ್ಡದಿದ್ದರೆ ಶಕ್ತಿ ಹೆಚ್ಚೇ ಎಂದು ಕೇಳಿದರೆ ಹಾಗೇನಿಲ್ಲ ಎನ್ನುತ್ತಾರೆ. ಹಾಗಾದರೆ ಕಡಿಮೆಯೇ ಎಂದರೆ ಹಾಗೂ ಇಲ್ಲವಂತೆ. ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಇಪ್ಪತ್ತೆಂಟು ವರ್ಷದಿಂದ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತ ಬಂದಿರುವ ನನ್ನಂಥವನಿಗೆ ಈ ಬಗೆಯ ಉತ್ತರ ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಕಾಲುವೆಗುಂಟ ಭತ್ತ ಬೆಳೆಯುವವರಲ್ಲಿ ನನ್ನ ಕೈಯಿಂದ ಹಾದುಹೋಗದ ಮೋಟಾರು ಇಟ್ಟುಕೊಂಡವರು ಅಪರೂಪ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಯಾವ ಬೇರಿಂಗು ಇನ್ನೆಷ್ಟು ದಿನ ಬಾಳುತ್ತದೆಂದು ಹೇಳಬಲ್ಲೆ. ಹೀಗಿರುವಾಗ ಕಂಪ್ಯೂಟರೆಂದರೇನು, ಅದೂ ಕರೆಂಟಿನಿಂದ ನಡೆಯುವ ವಸ್ತು ತಾನೇ ಎಂಬ ಧೈರ್ಯ ನನಗಿದ್ದದ್ದು ಸಹಜ. ಆ ಧೈರ್ಯವೇ ನನ್ನನ್ನು ಕೆಡಿಸಿತು.

ಇದಕ್ಕೆಲ್ಲ ಮೂಲ ನನ್ನ ಸಣ್ಣವ್ವನ ಹಲ್ಲುಗಳು. ಸಣ್ಣವ್ವನೆಂದರೆ ನಮ್ಮವ್ವನ ಬೆನ್ನಿಗೆ ಬಿದ್ದ ತಂಗಿ, ಸಗರದವಳು. ಅವ್ವ ತೀರಿಕೊಂಡ ಮೇಲೆ ನನಗೆ ಅವ್ವನ ಜಾಗದಲ್ಲಿರುವವಳು. ಆಕೆಯ ಬೀಸುವ ಪದಗಳನ್ನು ಕೇಳಿಯೇ ನಾನು ಬೆಳೆದದ್ದು. ಉಳಿದ ಆರು ಹಲ್ಲುಗಳೂ ಅಲುಗಾಡಿ, ಒಸಡು ಬಾತು, ಎಲ್ಲವನ್ನೂ ಕೀಳಲೇಬೇಕೆಂದು ಯಾದಗಿರಿಯ ಹಲ್ಲಿನ ಡಾಕ್ಟರು ಹೇಳಿದರು. ಅಮಾವಾಸ್ಯೆ ಮುಗಿಯುವವರೆಗೆ ಯಾರೂ ಬಾಯಿಗೆ ಕೈ ಹಾಕಕೂಡದೆಂದು ಸಣ್ಣವ್ವ ಹೇಳಿದಳು. ಹೀಗೆ ನನಗೆ ದೊರೆತದ್ದು ಹದಿಮೂರು ದಿನ. ಹಲ್ಲಿಲ್ಲದ ಬಾಯಿಂದ ಆ ಪದಗಳು ಆ ಪದಗಳಾಗಿ ಹೊರಡುವುದಿಲ್ಲವೆಂಬುದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ಹಲ್ಲು ಹೋಗುವ ಮೊದಲೇ ಆ ಪದಗಳನ್ನು ರೆಕಾರ್ಡು ಮಾಡಿಡಬೇಕೆಂದು ಮೊದಲು ಮೊಬೈಲಿನಲ್ಲೇ ಹಿಡಿದೆ. ಸುರಪುರದಲ್ಲಿ ಭೀಮರಾಯ ಮಾಸ್ತರೆಂಬ ಸ್ನೇಹಿತರಿದ್ದಾರೆ. ಮನೆಯಲ್ಲೇ ಭಜನೆ ರೆಕಾರ್ಡು ಮಾಡುವ ಹುಚ್ಚಿನವರು. ಅವರಿಗೆ ಕೇಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

‘ಶರಣಪ್ಪ, ಇದೇನೋ ಮಾರಾಯ, ಮುದುಕೀನ ಎಣ್ಣಿ ಡಬ್ಬ್ಯಾಗ ಕುಂದ್ರಿಸಿ ಹಾಡಿಸಿದಂಗ ಅದ! ನಮ್ಮನಿಗಿ ಕರ್ಕೊಂಡು ಬಾ, ನಾ ಹಿಡದು ಕೊಡ್ತೀನಿ.’

‘ನನ್ನ ಕೆಲಸ ನಾನ ಮಾಡ್ತೀನ್ರಿ ಮಾಸ್ತರ. ಏನು ಬೇಕು ಅಷ್ಟ ಹೇಳ್ರಿ.’

ಅವರು ಹೇಳಿದರು, ಪಾಪ. ಒಳ್ಳೆಯ ಮೈಕು ಬೇಕು, ಅದನ್ನು ಹಚ್ಚಲು ಒಂದು ಕಂಪ್ಯೂಟರು ಬೇಕು. ಪ್ರೊಸೆಸರು ನಡುವಿನ ದರ್ಜೆಯದಾದರೂ ಸಾಕು. ಒಬ್ಬಳ ದನಿಗೆ ಅದಕ್ಕಿಂತ ಹೆಚ್ಚಿನದು ಬೇಡ. ದೊಡ್ಡದು ಕಾಯುತ್ತದೆ, ಕಾದರೆ ಫ್ಯಾನು ಕೂಗುತ್ತದೆ. ಈ ಹಿತವಚನವನ್ನು ನಾನು ಸುರಪುರದ ಬಸ್ಸು ಹತ್ತುವಷ್ಟರಲ್ಲಿ ಮರೆತೆ. ಏಕೆಂದರೆ ನಮ್ಮ ಕಸುಬಿನ ಮೊದಲ ಪಾಠವೇ ಬೇರೆ: ನಮ್ಮ ಕಡೆಯ ಕರೆಂಟನ್ನು ನಂಬಿ ಐದು ಎಚ್‌ಪಿ ಬೇಕಾದಲ್ಲಿ ಐದನ್ನೇ ಕೂಡಿಸಿದರೆ ಗದ್ದೆಯ ಕೊನೆಯ ಮಡಿಗೆ ನೀರು ಮುಟ್ಟುವುದಿಲ್ಲ, ಅಲ್ಲಿ ಏಳೂವರೆಯದನ್ನೇ ಕೂಡಿಸಬೇಕು. ಸಗರದಿಂದ ಸೀಮೆಯ ಕೊನೆಯವರೆಗೆ ಎಲ್ಲರೂ ಮಾಡುವುದು ಇದನ್ನೇ. ಪ್ರೊಸೆಸರಿಗೂ ಇದೇ ಸೂತ್ರ ಹಚ್ಚಿದೆ.

ಯಾದಗಿರಿಯ ಸ್ಟೇಷನ್ ರಸ್ತೆಯ ಅಂಗಡಿಯವನು ನನಗೊಂದು ಮಹಾಯುದ್ಧದ ವರದಿಯನ್ನೇ ಒಪ್ಪಿಸಿದ. ಜಗತ್ತಿನಲ್ಲಿ ಪ್ರೊಸೆಸರು ಮಾಡುವ ಕಂಪನಿಗಳು ಮುಖ್ಯವಾಗಿ ಎರಡಂತೆ. ಆ ಎರಡರ ಭಕ್ತರು ಪರಸ್ಪರ ಹೆಣ್ಣು ಕೊಟ್ಟು ತರುವುದಿಲ್ಲವೆಂಬಷ್ಟು ಹಗೆ. ಒಂದರಲ್ಲಿ ಕೋರುಗಳು ಹೆಚ್ಚು, ಅಂದರೆ ಒಂದೇ ಹೊಲಕ್ಕೆ ಆಳುಗಳು ಹೆಚ್ಚು; ಇನ್ನೊಂದರಲ್ಲಿ ಆಳು ಕಡಿಮೆಯಾದರೂ ಒಬ್ಬೊಬ್ಬನ ಕೈ ಚುರುಕು. ದನಿ ಹಿಡಿಯುವುದಕ್ಕೆ ಆಳು ಬೇಕೋ ಚುರುಕು ಬೇಕೋ ಎಂದೆ. ಅವನು ನನ್ನ ಮುಖ ನೋಡಿ, ‘ನಿಮ್ಮ ಯೂಸ್ ಮ್ಯಾಲ ಅದರಿ’ ಎಂದ.

‘ಯೂಸ್ ಹೇಳೇನಲ್ಲಪಾ, ನಮ್ಮ ಸಣ್ಣವ್ವ ಹಾಡ್ತಾಳ.’

‘ಎಷ್ಟು ಟ್ರ್ಯಾಕ್ ಹಾಡ್ತಾರ್ರಿ?’

‘ಆಕಿಗಿ ಒಂದ ಬಾಯಿ ಅದನೋ!’

ಮೂರು ಸಲ ಯಾದಗಿರಿಗೆ ಹೋದೆ, ಮೂರು ಸಲವೂ ಬರಿಗೈಯಲ್ಲಿ ಬಂದೆ. ರಿಪೇರಿಗೆ ಬಂದ ಮೋಟಾರುಗಳು ಅಂಗಡಿಯ ಮುಂದೆ ಸಾಲುಗಟ್ಟಿ ಕೂತವು. ನಾನು ಮೊಬೈಲಿನಲ್ಲಿ ಯಾರ್ಯಾರದೋ ಉಪದೇಶ ಕೇಳುತ್ತ ಕೂತೆ. ಹೋದ ವರ್ಷ ಶ್ರೇಷ್ಠವಾಗಿದ್ದ ಪ್ರೊಸೆಸರು ಈ ವರ್ಷ ಕನಿಷ್ಠ. ಈ ವರ್ಷ ಶ್ರೇಷ್ಠವಾದದ್ದನ್ನು ಕೊಳ್ಳುವವನು ಮೂರ್ಖ, ಏಕೆಂದರೆ ಮುಂದಿನ ವರ್ಷ ಇನ್ನೊಂದು ಬರುತ್ತದೆ. ಹೀಗೆ ಕಾಯುತ್ತ ಹೋದರೆ ಮನುಷ್ಯ ಯಾವಾಗ ಹಾಡಬೇಕು? ಹಲ್ಲೇನು ಮುಂದಿನ ವರ್ಷದ ಮಾಡೆಲ್ಲಿಗೆಂದು ಕಾಯುತ್ತದೆಯೇ? ಒಂಬತ್ತನೆಯ ದಿನ ಸಿಟ್ಟಿನಿಂದ ಹೋಗಿ, ಅಂಗಡಿಯಲ್ಲಿದ್ದುದರಲ್ಲೇ ದೊಡ್ಡದನ್ನು ಹಾಕಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ.

ಚಾಲೂ ಮಾಡಿದೆ. ಮಾಸ್ತರು ಹೇಳಿದಂತೆಯೇ ಅದು ಕಾಯಿತು, ಫ್ಯಾನು ಕೂಗಿತು. ಕೂಗೆಂದರೆ ಎಂಥ ಕೂಗು! ಕಿವಿಗೆ ಸ್ಕ್ರೂಡ್ರೈವರು ಹಚ್ಚುವ ಅಗತ್ಯವೇ ಬೀಳಲಿಲ್ಲ. ಮೈಕು ಆ ಕೂಗನ್ನೆಲ್ಲ ಭಕ್ತಿಯಿಂದ ಹಿಡಿದಿಟ್ಟಿತು. ಮಾಸ್ತರಿಗೆ ಫೋನು ಮಾಡಲು ಮಾನ ಅಡ್ಡ ಬಂತು. ಕೊನೆಗೆ ನನಗೆ ಗೊತ್ತಿರುವ ವಿದ್ಯೆಯನ್ನೇ ಮಾಡಿದೆ: ಡ್ರಿಲ್ಲು ತಂದು ಗೋಡೆಗೆ ತೂತು ಹೊಡೆದು, ಕಂಪ್ಯೂಟರನ್ನು ಆಚೆಯ ಕೋಣೆಗೆ ಹಾಕಿ, ಮೈಕಿನ ವಯರನ್ನು ಆ ತೂತಿನಿಂದ ಈಚೆಗೆ ಎಳೆದೆ.

ಸಗರದಿಂದ ಸಣ್ಣವ್ವ ಬಂದಳು. ಕಿವಿಗೆ ಹೆಡ್‌ಫೋನು ಹಾಕಿದೆ. ಒಂದು ನುಡಿ ಎತ್ತಿದವಳೇ ನಿಂತುಬಿಟ್ಟಳು.

‘ತಮ್ಮಾ, ನನ್ನ ಹಿಂದಿಂದ ಯಾವಾಕಿನೋ ಮುದುಕಿ ಅಣಕಸ್ತಾಳ ನೋಡು.’

ಹಾಡಿದ ದನಿ ಕಂಪ್ಯೂಟರೊಳಗೆ ಹೊಕ್ಕು ಮರಳಿ ಕಿವಿಗೆ ಬರಲು ಕಣ್ಣೆವೆ ಬಡಿಯುವಷ್ಟು ತಡವಾಗುತ್ತಿತ್ತು. ಇಷ್ಟು ದೊಡ್ಡ ಪ್ರೊಸೆಸರಿಗೂ ಅದನ್ನು ತಪ್ಪಿಸಲಾಗಿರಲಿಲ್ಲ, ಅಥವಾ ತಪ್ಪಿಸುವ ಸೆಟ್ಟಿಂಗು ಎಲ್ಲಿದೆಯೆಂದು ನನಗೆ ತಿಳಿಯಲಿಲ್ಲ. ಹೆಡ್‌ಫೋನು ತೆಗೆಸಿದೆ. ಈಗ ಎರಡನೆಯ ನುಡಿಯೇ ನೆನಪಾಗಲೊಲ್ಲದು. ಸಣ್ಣವ್ವ ಬರಿಗೈಯನ್ನು ಗಾಳಿಯಲ್ಲಿ ತಿರುಗಿಸಿ ನೋಡಿದಳು.

‘ಕೈ ತಿರಗಲಿಲ್ಲಂದ್ರ ಬಾಯಿ ತಿರಗಂಗಿಲ್ಲಪಾ. ಬೀಸುಕಲ್ಲು ತಾ.’

ನನ್ನ ಹೆಂಡತಿ ಹಿತ್ತಲಿನಿಂದ ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. ‘ನಮ್ಮನ್ಯಾಗೂ ಬೀಸುಕಲ್ಲು ಅದ ಅಂತ ನೆನಪಾತೇನು? ಹತ್ತು ವರ್ಷದಿಂದ ಅದರ ಮ್ಯಾಲ ನೀರಿನ ಕೊಡ ಕುಂತದ. ಹನ್ನೆರಡು ದಿನ ಪ್ರೊಸೆಸರ್ ಪ್ರೊಸೆಸರ್ ಅಂದ್ರಿ, ಈಗ ಕಲ್ಲಿಗಿ ಬಂದ್ರಿ!’

ಫ್ಯಾನಿನ ಸದ್ದಡಗಿಸಲು ಗೋಡೆ ಕೊರೆದ ಮಹಾನುಭಾವ ನಾನು. ಈಗ ಅದರ ಹತ್ತು ಪಟ್ಟು ಗುಡುಗುವ ಕಲ್ಲನ್ನು ನಾನೇ ಹೊತ್ತು ತಂದು ಮೈಕಿನ ಬುಡದಲ್ಲಿಟ್ಟೆ. ಜೋಳ ಹಾಕಿದೆವು. ಕಲ್ಲಿನ ಗೂಟ ಹಿಡಿದದ್ದೇ ತಡ, ಸಣ್ಣವ್ವನ ದನಿ ಎದ್ದಿತು ನೋಡಿ! ನಾನು ಆಚೆಯ ಕೋಣೆಗೆ ಓಡಿದೆ. ಪ್ರೊಸೆಸರು ಎಷ್ಟು ದುಡಿಯುತ್ತಿದೆಯೆಂದು ತೋರಿಸುವ ಹಸಿರು ಗೆರೆಯೊಂದು ಪರದೆಯ ಮೇಲಿರುತ್ತದೆ. ಪದ ಮುಗಿಯುವವರೆಗೂ ಅದನ್ನೇ ನೋಡುತ್ತ ಕೂತೆ. ಆ ದೊಡ್ಡಪ್ಪ ದುಡಿದದ್ದು ನೂರಕ್ಕೆ ನಾಲ್ಕು ಪಾಲು. ಉಳಿದ ತೊಂಬತ್ತಾರು ಪಾಲು ನನ್ನನ್ನು ನೋಡಿ ನಗುತ್ತಿತ್ತು.

ಮರುದಿನ ಯಾದಗಿರಿಯಲ್ಲಿ ಹಲ್ಲು ಕಿತ್ತರು. ಸಣ್ಣವ್ವ ಬಾಯಿಗೆ ಸೆರಗು ಹಿಡಿದು ಗಂಜಿ ಕುಡಿಯುತ್ತ ನಮ್ಮಲ್ಲೇ ಉಳಿದಳು. ಆ ಬಿಡುವಿನಲ್ಲಿ ನಾನು ಪದವನ್ನು ಚೊಕ್ಕಟ ಮಾಡಿದೆ. ನುಡಿ ನುಡಿಗಳ ನಡುವೆ ಬರೀ ಕಲ್ಲಿನ ಗುಡುಗೇ ಉದ್ದಕ್ಕೂ ಇದ್ದ ಜಾಗಗಳಿದ್ದವು; ಮುದುಕಿಗೆ ಉಸಿರು ಸಾಲದೆ ನಿಂತಿದ್ದಾಳೆಂದುಕೊಂಡು ಅವನ್ನೆಲ್ಲ ಹುಡುಕಿ ಹುಡುಕಿ ಕತ್ತರಿಸಿದೆ. ಕತ್ತರಿಸುವುದರಲ್ಲಿ ಆ ಪ್ರೊಸೆಸರು ಭಾರಿ ಚುರುಕು. ಪದ ಸರಸರನೆ ಹರಿಯತೊಡಗಿತು. ನಾಲ್ಕನೆಯ ದಿನ, ಬಾವು ಇಳಿದ ಮೇಲೆ, ಹೆಮ್ಮೆಯಿಂದ ಆಕೆಗೆ ಕೇಳಿಸಿದೆ.

ಮೂರು ನುಡಿ ಕೇಳಿದಳು. ಆಮೇಲೆ ಕೈಯೆತ್ತಿ ನಿಲ್ಲಿಸಿದಳು. ಹಲ್ಲಿಲ್ಲದ ಬಾಯಲ್ಲಿ ಮಾತು ಗಾಳಿಯಾಗಿ ಹೊರಟಿತು.

‘ಈಕಿಗೇನು ಅವಸರೋ ತಮ್ಮಾ? ನಿಮ್ಮವ್ವನ್ನ ಹಾಡಗೊಡಾಕ ತಯಾರಿಲ್ಲಲ್ಲ.’

ನನಗೆ ಅರ್ಥವಾಗಲಿಲ್ಲ. ಆಮೇಲೆ ಆಗಿಬಿಟ್ಟಿತು. ಕಲ್ಲಿಗೆ ಎದುರುಬದುರು ಇಬ್ಬರು ಕೂತು ಒಂದೇ ಗೂಟ ಹಿಡಿದು ಬೀಸುತ್ತಾರೆ. ಒಂದು ನುಡಿ ಒಬ್ಬಾಕೆಯದು, ಮುಂದಿನ ನುಡಿ ಎದುರಿನವಳದು. ಅಕ್ಕತಂಗಿಯರು ಹಾಗೆ ಬೀಸುತ್ತಿದ್ದುದನ್ನು ಕೌದಿಯೊಳಗೆ ಮಲಗಿ ಎಷ್ಟು ಬೆಳಗಿನ ಜಾವ ಕೇಳಿದ್ದೆನೋ ಲೆಕ್ಕವಿಲ್ಲ. ಸಣ್ಣವ್ವ ತನ್ನ ಪಾಳಿಯದನ್ನಷ್ಟೇ ಹಾಡಿದ್ದಳು. ಅಕ್ಕನ ಪಾಳಿ ಬಂದಾಗ ಬಾಯಿ ಮುಚ್ಚಿ, ಆ ನುಡಿ ಮುಗಿಯುವಷ್ಟು ಹೊತ್ತು ಕಲ್ಲು ತಿರುಗಿಸಿದ್ದಳು.

‘ಆಕಿ ನುಡಿ ನೀನ ಹಾಡಬೇಕಿತ್ತಲ್ಲ ಸಣ್ಣವ್ವಾ?’

‘ಆಕೀದು ನಾ ಹ್ಯಾಂಗ ಹಾಡ್ಲಿ? ಆಕೀದು ಆಕಿಗೇ ಇರಲಿ.’

ಕತ್ತರಿಸಿದ್ದನ್ನು ಮರಳಿ ಕೂಡಿಸಬಹುದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮಾನವನ್ನು ಗೂಟಕ್ಕೆ ನೇತುಹಾಕಿ ಮಾಸ್ತರಿಗೆ ಫೋನು ಮಾಡಿದೆ. ಅವರು ನಗಲಿಲ್ಲ, ಬಯ್ಯಲೂ ಇಲ್ಲ. ಮೂಲ ರೆಕಾರ್ಡು ಬೇರೆಯೇ ಇರುತ್ತದೆ, ಯಾವುದನ್ನೂ ಅಳಿಸದೆ ಹೇಳಿದ ಕಡೆ ಒತ್ತು ಎಂದು ಒಂದೊಂದೇ ಹೇಳಿಕೊಟ್ಟರು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲವೂ ಮೊದಲಿನಂತೆ ಬಂದು ಕೂತವು.

ಮತ್ತೆ ಹಚ್ಚಿದೆ. ಈ ಸಲ ಪರದೆಯ ಕಡೆ ನೋಡಲಿಲ್ಲ. ಸಣ್ಣವ್ವನ ನುಡಿ ಮುಗಿಯಿತು, ಕಲ್ಲು ಗುಡುಗುಡು ತಿರುಗಿತು. ಬೊಚ್ಚು ಬಾಯಿ ಬಿಗಿಹಿಡಿದು ಕೂತಿದ್ದ ಸಣ್ಣವ್ವ, ಆ ಗುಡುಗಿನೊಳಗೆ ಯಾರೋ ಚಂದ ಹಾಡುತ್ತಿದ್ದಾರೆಂಬಂತೆ ಮೆಲ್ಲಗೆ ತಲೆದೂಗಿದಳು.