ದಾನಿಗಳ ಗೇಟಿನಲ್ಲಿ ನಮ್ಮ ಅತ್ತೆ

ನಮ್ಮ ಅತ್ತೆಯ ಎಡಗೆನ್ನೆ ಯಾವಾಗಲೂ ನಿಂಬೆಹಣ್ಣಿನಷ್ಟು ಉಬ್ಬಿರುತ್ತಿತ್ತು. ಒಳಗಿದ್ದದ್ದು ಎಲೆ ಅಡಿಕೆ. ಊಟ, ನಿದ್ದೆ ಬಿಟ್ಟರೆ ಅದು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಕಂಡಕ್ಟರನ ಜೊತೆ ಸೀಟಿನ ಜಗಳ, ಸೊಸೆಯ ಮೇಲಿನ ಗೊಣಗಾಟ, ನನಗೆ ಬುದ್ಧಿವಾದ, ಎಲ್ಲವೂ ಅದರ ಪಕ್ಕದಿಂದಲೇ ನುಸುಳಿ ಬರುತ್ತಿದ್ದವು. ನಿಜವಾದ ಜಗಳಕ್ಕೆ ನಿಲ್ಲುವಾಗ ಮಾತ್ರ ಅವರು ಎಲೆ ಉಗಿದು, ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಹಾಗೆ ಉಗಿದರೆಂದರೆ ಮನೆಯವರೆಲ್ಲ ಒಂದೊಂದು ಮೂಲೆ ಹುಡುಕಿಕೊಳ್ಳುತ್ತಿದ್ದೆವು.

ಇವರು ನಮ್ಮಪ್ಪನ ತಂಗಿ. ಬನ್ನೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಇವರ ಅಕ್ಕ, ನನ್ನ ದೊಡ್ಡತ್ತೆ, ಗಂಡನೂ ಇಲ್ಲದ ಮಕ್ಕಳೂ ಇಲ್ಲದ ಜೀವ. ಲಕ್ವ ಹೊಡೆದು ದೊಡ್ಡತ್ತೆಯ ಬಲಗಡೆಯೂ ಮಾತೂ ಬಿದ್ದುಹೋದ ಮೇಲೆ ಅವರ ಮಗ್ಗುಲು ಬದಲಿಸಲು ಇಬ್ಬರು ಬೇಕಾಯಿತು. ಅತ್ತೆಗೋ ಸೊಂಟದ ಆಪರೇಷನ್ ಆಗಿ ಬಿಂದಿಗೆ ಕೂಡ ಎತ್ತುವಂತಿರಲಿಲ್ಲ. ಬೇರೆ ದಾರಿ ಕಾಣದೆ ದೊಡ್ಡತ್ತೆಯನ್ನು ನಂಜನಗೂಡಿನ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ಅತ್ತೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಅವ್ಳಿಗೆ ತಿನ್ಸಾಕೆ ನಾನು ಓಯ್ತೀನಿ. ಯಾವನೂ ಬ್ಯಾಡ ಅನ್ನಕೂಡ್ದು."

ಆ ಷರತ್ತಿಗೆ ಕಾರಣವಿತ್ತು. ಬೇರೆಯವರ ಕೈಯಲ್ಲಿ ದೊಡ್ಡತ್ತೆ ಒಂದೆರಡು ತುತ್ತು ತಿಂದು ಹಲ್ಲು ಕಚ್ಚಿಬಿಡುತ್ತಿದ್ದರು. ಅತ್ತೆ ದಿನ ಬಿಟ್ಟು ದಿನ ಬಸ್ಸು ಹತ್ತಿ, ನರಸೀಪುರದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ನಂಜನಗೂಡಿಗೆ ಹೋಗುತ್ತಿದ್ದರು. ಡಬ್ಬಿಯಲ್ಲಿ ಬಸ್ಸಾರು ಹಾಕಿ ಕಿವುಚಿದ ಮೆತ್ತನೆಯ ಅನ್ನ. ಅಕ್ಕನ ಮಂಚದ ಮೇಲೆ ಕೂತವರೇ ಬೈಯಲು ಶುರುಮಾಡುತ್ತಿದ್ದರು.

"ಬಾಯ್ ಬುಡೇ ಮುದ್ಕಿ. ನಮ್ಮವ್ವ ನಿಂಗೆ ತುಪ್ಪ ಆಕಿ ನಂಗೆ ಮಜ್ಗೆ ಉಯ್ದು ಸಾಕುದ್ಲು. ಈಗ ನಿಂಗ್ ತಿನ್ಸಾಕೂ ನಾನೇ ಬರ್ಬೇಕಾ?"

ದೊಡ್ಡತ್ತೆಯ ಮುಖದ ಸರಿಯಿದ್ದ ಅರ್ಧ ನಗುತ್ತಿತ್ತು. ತುಟಿ ಬಿಟ್ಟ ತಕ್ಷಣ ತುತ್ತು ಒಳಗೆ. ಬೈಗುಳ ನಿಂತರೆ ಬಾಯಿಯೂ ಮುಚ್ಚುತ್ತಿತ್ತು, ಹಾಗಾಗಿ ಡಬ್ಬಿ ಖಾಲಿಯಾಗುವ ತನಕ ಅತ್ತೆ ನಿಲ್ಲಿಸುತ್ತಿರಲಿಲ್ಲ. ಪಕ್ಕದ ಮಂಚದ ಮುದುಕಿಯರು ಇದನ್ನು ಕೇಳಲೆಂದೇ ಎದ್ದು ಕೂರುತ್ತಿದ್ದರು.

ಆಮೇಲೆ ಕೊರೋನಾ ಬಂತು, ಗೇಟು ಮುಚ್ಚಿತು. ಮೊದಮೊದಲು ನಾವು ತಕರಾರು ತೆಗೆಯಲಿಲ್ಲ. ಆ ಭಯ ಸುಳ್ಳಾಗಿರಲಿಲ್ಲ. ನನಗೆ ಇವತ್ತಿಗೂ ಮೈ ಉರಿಯುವುದು ಅದರ ನಂತರದ್ದಕ್ಕೆ. ಬಸ್ಸುಗಳು ತುಂಬಿ ಓಡಾಡಿದವು. ತಾಂಡ್ಯದ ಕಾರ್ಖಾನೆಗಳ ಶಿಫ್ಟು ಶುರುವಾಯಿತು. ಛತ್ರಗಳಲ್ಲಿ ಮದುವೆ, ಮೈದಾನದಲ್ಲಿ ಭಾಷಣ, ನರಸೀಪುರದಲ್ಲಿ ನಾನು ಪಾಠ ಮಾಡುವ ಶಾಲೆಯ ಬೆಂಚು ತುಂಬ ಮಕ್ಕಳು. ಆಶ್ರಮದ ಗೇಟು ಮಾತ್ರ ತೆರೆಯಲಿಲ್ಲ. ತೆರೆಯಲಿಲ್ಲ ಎಂದರೂ ತಪ್ಪು. ಗ್ಯಾಸಿನವನು ಹೋಗುತ್ತಿದ್ದ, ತರಕಾರಿಯವನು ಹೋಗುತ್ತಿದ್ದ, ಆಯಾಗಳು ತಾಂಡವಪುರದ ಕಡೆಯಿಂದ ಒಂದೇ ಆಟೋದಲ್ಲಿ ಒತ್ತರಿಸಿಕೊಂಡು ಬಂದು ಹೋಗುತ್ತಿದ್ದರು. ಸೋಂಕು ಹತ್ತುತ್ತಿದ್ದದ್ದು ಒಡಹುಟ್ಟಿದವರಿಂದ ಮಾತ್ರ!

"ನಿಮ್ಮ ಒಳ್ಳೇದಕ್ಕೇ ಸರ್. ರಿಸ್ಕ್ ತಗೊಳ್ಳೋಕಾಗಲ್ಲ" ಎನ್ನುತ್ತಿದ್ದರು ಮ್ಯಾನೇಜರ್. ಬೇಕಾದರೆ ವಿಡಿಯೋ ಕಾಲ್ ಮಾಡಿ ಎಂದರು. ಮಾಡಿದೆವು. ಅತ್ತೆ ಫೋನಿಗೆ ಬಾಯಿ ಹಚ್ಚಿ ಬೈದರು. ಆ ಕಡೆ ದೊಡ್ಡತ್ತೆ ತಂಗಿಯ ದನಿ ಬಂದದ್ದೇ ಬಾಗಿಲ ಕಡೆ ನೋಡಿದರು, ಕಿಟಕಿ ಕಡೆ ನೋಡಿದರು. ಅತ್ತೆ ಫೋನನ್ನು ನನ್ನ ಕೈಗೆ ತುರುಕಿದರು.

"ಉಡುಕ್ತಾವ್ಳೆ ಕಣ್ಲಾ. ಬ್ಯಾಡ, ಮಡುಗು."

ಆದರೂ ಭಾನುವಾರ ಬಂದರೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿ ಹಿಡಿದು ನಿಂತಿರುತ್ತಿದ್ದರು. ನಾನು ಸ್ಕೂಟರಿನಲ್ಲಿ ಕರೆದೊಯ್ಯುತ್ತಿದ್ದೆ. ಹೊರಗಿನ ಊಟ ತೆಗೆದುಕೊಳ್ಳುವುದಿಲ್ಲ ಎಂದು ವಾಚ್‌ಮನ್ ಡಬ್ಬಿ ವಾಪಸ್ ಕೊಡುತ್ತಿದ್ದ. ಗೇಟಿನೆದುರಿನ ಹೊಂಗೆಮರದ ಕೆಳಗೆ ಸ್ವಲ್ಪ ಹೊತ್ತು ಕೂತು ಹೊರಡುತ್ತಿದ್ದೆವು.

ಅಂಥ ಒಂದು ಭಾನುವಾರ ಯಾರೋ ಮುಖಂಡರ ಹುಟ್ಟುಹಬ್ಬ. ಕಾರುಗಳು ಬಂದು ನಿಂತವು, ಹಿಂದೆ ಆಟೋದಲ್ಲಿ ಮೋಸಂಬಿ ಬುಟ್ಟಿಗಳು, ಫೋಟೋದವನು, ಅಭಿಮಾನಿಗಳ ದಂಡು. ಗೇಟಿನ ಎರಡೂ ಬಾಗಿಲು ತೆರೆದುಕೊಂಡವು. ಮ್ಯಾನೇಜರ್ ಕೈಮುಗಿದು ಎದುರುಗೊಂಡರು. ನಾನು ನೋಡುತ್ತಲೇ ಇದ್ದೆ, ಅತ್ತೆ ಎದ್ದು ಮರದ ಬುಡಕ್ಕೆ ಎಲೆ ಉಗಿದು, ಮಾಸ್ಕ್ ಏರಿಸಿಕೊಂಡು, ಸೊಂಟದ ನೋವನ್ನೂ ಮರೆತು ಆಟೋದಿಂದ ಒಂದು ಸಣ್ಣ ಬುಟ್ಟಿ ಎತ್ತಿಕೊಂಡು ಸೀದಾ ಒಳಗೆ ನಡೆದರು. ಗಾಬರಿಯಿಂದ ಹಿಂದೆ ಓಡಿದ ನನ್ನ ಕೈಗೆ ಯಾರೋ "ಇಡ್ಕಳಿ ಸಾ" ಎಂದು ಫ್ಲೆಕ್ಸಿನ ಒಂದು ತುದಿ ಕೊಟ್ಟರು. ಹೀಗೆ ನಾನೂ ದಾನಿಯಾಗಿ ಒಳಹೊಕ್ಕೆ.

ಮೂಲೆಯ ಮಂಚದಲ್ಲಿ ದೊಡ್ಡತ್ತೆ ಇದ್ದರು. ಗುರುತು ಹಿಡಿಯಲು ನನಗೆ ಕಷ್ಟವಾಯಿತು. ತಲೆ ಬಾಚುವ ಕೆಲಸ ತಪ್ಪಲೆಂದು ಕೂದಲು ಕತ್ತರಿಸಿಬಿಟ್ಟಿದ್ದರು. ತೋಳು ಒಣಗಿ ಕೋಲಾಗಿತ್ತು. ಒಂದು ಕೈ ಬಿದ್ದುಹೋದ ಆ ಮುದುಕಿಯ ಮಡಿಲಲ್ಲಿ ಇಡೀ ಮೋಸಂಬಿಯೊಂದನ್ನು ಇಟ್ಟು ಫೋಟೋ ತೆಗೆದು ಮುಂದೆ ಹೋಗಿದ್ದರು. ಅತ್ತೆ ಮಾಸ್ಕ್ ಕೆಳಗೆಳೆದು, "ಯಾವ ಮುಂಡೇಮಗ ನಿನ್ ತಲೆ ಬೋಳ್ಸುದ್ದು? ನನ್ ಕೇಳ್ದೆ ಯಾಕೆ ಬೋಳುಸ್ಕೊಂಡೆ ಮುದ್ಕಿ?" ಎಂದರು. ಆ ಅರ್ಧ ಮುಖ ನಕ್ಕಿತು. ಅತ್ತೆ ಸಿಪ್ಪೆ ಸುಲಿದು, ತೊಳೆ ಬಿಡಿಸಿ, ಬೈಯುತ್ತ ಬೈಯುತ್ತ ಹಣ್ಣಿನ ರಸವನ್ನೆಲ್ಲ ಅಕ್ಕನ ಬಾಯಿಗೆ ಹಿಂಡಿದರು. ಕಣ್ಣೀರು ಸುರಿಯುತ್ತಿತ್ತು, ಬೈಗುಳ ನಿಲ್ಲಿಸಲಿಲ್ಲ.

ಮ್ಯಾನೇಜರ್ ಗುರುತು ಹಿಡಿದು ಓಡಿಬಂದರು. "ಏನಮ್ಮ ಇದು! ಸೋಂಕು ತಂದರೆ ಯಾರು ಹೊಣೆ?"

"ಇವ್ರೆಲ್ಲ ಬಂದವ್ರಲ್ಲ, ಇವ್ರು ತರಾಕಿಲ್ವಾ?"

"ಅವರು ದಾನಿಗಳು ಕಣಮ್ಮ."

"ನಾನು ತಂಗಿ ಕಣಪ್ಪ."

ಮ್ಯಾನೇಜರ್ ವಾಚ್‌ಮನ್‌ನನ್ನು ಕರೆದು ನಮ್ಮನ್ನು ಹೊರಗೆ ಕಳಿಸಿದರು. ಮರುದಿನದ ಪತ್ರಿಕೆಯಲ್ಲಿ ವೃದ್ಧರಿಗೆ ಹಣ್ಣು ಹಂಚಿದ ಸುದ್ದಿ ಬಂತು, ಫ್ಲೆಕ್ಸಿನ ತುದಿಯಲ್ಲಿ ನನ್ನ ಪೆಚ್ಚುಮೋರೆಯೂ ಇತ್ತು. ಸ್ಟಾಫ್ ರೂಮಿನಲ್ಲಿ ಒಬ್ಬರು ಅಭಿನಂದಿಸಿದರು!

ಅದಾಗಿ ತಿಂಗಳು ತುಂಬುವುದರೊಳಗೆ ಫೋನ್ ಬಂತು. ದೊಡ್ಡತ್ತೆ ಹೋಗಿಬಿಟ್ಟಿದ್ದರು. ಬೇಗ ಬನ್ನಿ, ಎಷ್ಟು ಜನ ಬೇಕಾದರೂ ಬನ್ನಿ ಎಂದರು. ಬದುಕಿದ್ದಾಗ ಒಬ್ಬ ತಂಗಿಗೆ ತೆರೆಯದ ಗೇಟು ಹೆಣಕ್ಕೆ ಅಗಲವಾಗಿ ತೆರೆದಿತ್ತು. ಮ್ಯಾನೇಜರ್ "ವಯಸ್ಸಾಗಿತ್ತಲ್ಲ ಸರ್, ನಮ್ಮ ಕೈಲಾದಷ್ಟು ನೋಡ್ಕೊಂಡ್ವಿ" ಎಂದರು. ಅತ್ತೆ ಜಗಳವಾಡುತ್ತಾರೆಂದು ನಾನು ಕಾದೆ. ಅವರು ಒಂದೇ ಒಂದು ಮಾತು ಕೇಳಿದರು.

"ಕಡೀಗೆ ಯಾರ್ ಕೈಲಿ ಉಂಡ್ಲು?"

 ಬಾಗಿಲ ಬಳಿ ನಿಂತಿದ್ದ ಆಯಾ ತಲೆ ತಗ್ಗಿಸಿ ಹೇಳಿದಳು. "ನಾವ್ ಕೊಟ್ಟುದ್ದು ಗುಟುಕ್ ಗಂಜಿ ಅಷ್ಟೇ ಕಣವ್ವ. ಬಾಯ್ತುಂಬ ತಿಂದುದ್ದು ಅವತ್ತು ನಿಮ್ ಕೈಲೇ."

ಅತ್ತೆ ಅಲ್ಲೇ ನೆಲದ ಮೇಲೆ ಕೂತರು.  ಹಸಿವಿನಿಂದ ಸತ್ತರೆಂದು ಯಾವ ಕಾಗದದಲ್ಲೂ ಇಲ್ಲ. ನಾನು ಹೇಳುತ್ತಿದ್ದೇನೆ, ದೊಡ್ಡತ್ತೆ ಸತ್ತದ್ದು ಬೈಯುವವರಿಲ್ಲದೆ.

ಹೋದ ವರ್ಷ ಅತ್ತೆಯೂ ಹೋದರು, ಮೈಸೂರಿನ ಒಂದು ಆಸ್ಪತ್ರೆಯಲ್ಲಿ. ಕೊನೆಯ ಸಂಜೆ ಮಂಚದ ಪಕ್ಕ ಕೂತಿದ್ದೆ. ಗಂಟೆ ಹೊಡೆಯಿತು. "ಟೈಮ್ ಆಯ್ತು, ಎಲ್ರೂ ಹೊರಗೆ ನಡೀರಿ" ಎಂದು ನರ್ಸ್ ಕೂಗಿದರು. ಎಲ್ಲರೂ ಚೀಲ ಎತ್ತಿಕೊಂಡರು. ಗಂಟೆ ಹೊಡೆದರೆ ಏಳುವುದೇ ಮೇಷ್ಟ್ರಾದ ನನ್ನ ಜೀವಮಾನದ ಅಭ್ಯಾಸ, ನಾನೂ ಎದ್ದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ನನ್ನ ಅಂಗಿ ಹಿಡಿದರು.

"ಏಳ್ಬ್ಯಾಡ ಕಣ್ಲಾ."

ಕೂತೆ. ನರ್ಸ್ ಬಂದು ಗದರಿದರು, ಸೆಕ್ಯುರಿಟಿಯವನು ಬಂದು ಗದರಿದ. ಅತ್ತೆಯ ಉಸಿರು ನಿಲ್ಲುವ ತನಕ ನಾನು ಏಳಲಿಲ್ಲ.